ಅಳತೆ ತಗೊಳ್ಳೋಕೇ 500 ರೂಪಾಯಿ ಕೇಳೋ ಗ್ರಿಲ್ ಶಾಪು, ದಾವಣಗೆರೆ: ನನ್ನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸ್ರು ಹಾಕ್ತಿಲ್ಲ. ರಿವ್ಯೂ ಅಂತ ಬರ್ದು ಹೆಸ್ರೇ ಹಾಕ್ದಿದ್ರೆ ಇದ್ಯಾವ ಸೀಮೆ ರಿವ್ಯೂ ಅಂತ ಬೈಕೋಬೇಡಿ, ಹಾಕ್ಬೇಡಿ ಅಂದಿದ್ದು ಓನರ್ರೇ. "ಅಕ್ಕಾರೆ, ನೀವು ಚೆನ್ನಾಗೈತೆ ಅಂತ ಬರೀತೀರಿ, ಅದನ್ನ ನೋಡಿ ನಾಳೆಯಿಂದ ನಲವತ್ತು ಜನ ಫೋನ್ ಮಾಡಿ ಗೇಟಿಗೆ ರೇಟ್ ಎಷ್ಟು ಅಂತಾರೆ, ಅದ್ರಾಗೆ ಗೇಟ್ ಮಾಡಿಸೋರು ಒಬ್ರೂ ಇರಲ್ಲ, ನಾನು ವೆಲ್ಡಿಂಗ್ ಮಾಡ್ಲಾ ಫೋನ್ ಎತ್ಲಾ" ಅಂದ್ರು. ಅವ್ರು ಹೇಳೋದ್ರಲ್ಲೂ ನ್ಯಾಯ ಇದೆ. ಹಂಗಾಗಿ ಪಿ.ಬಿ. ರೋಡಿಂದ ಸ್ವಲ್ಪ ಒಳಗೆ ಇರೋ ಒಂದು ಗ್ರಿಲ್ ವರ್ಕ್ಸ್ ಅಂತ ಅಷ್ಟೇ ತಿಳ್ಕೊಳ್ಳಿ. ನಾನು ಬರೀಬೇಕು ಅಂತ ಕೂತಿದ್ದು ಅವ್ರು ತಗೊಳ್ಳೋ ಆ 500 ರೂಪಾಯಿ ಬಗ್ಗೆ, ಯಾಕಂದ್ರೆ ನಮ್ಮ ಮನೇಲಿ ಅದಕ್ಕೇ ಒಂದು ಸಣ್ಣ ಕುರುಕ್ಷೇತ್ರ ಆಯ್ತು.

ಕೆಲ್ಸ ಏನಿತ್ತು ಅಂದ್ರೆ, ನಿಟುವಳ್ಳಿ ಕಡೆ ನಮ್ದು ಹಳೇ ಮನೆ, ಮೇಲೆ ಒಂದು ಫ್ಲೋರ್ ಎತ್ತಿದ್ವಿ. ಕಿಟಕಿಗಳಿಗೆ ಗ್ರಿಲ್ಲು, ಬಾಲ್ಕನಿಗೆ ಸೇಫ್ಟಿ ಗ್ರಿಲ್ಲು, ಹಳೇ ಗೇಟ್ ಕೆಳಗಡೆ ಪೂರ್ತಿ ತುಕ್ಕು ಹಿಡ್ದು ಉದುರ್ತಾ ಇತ್ತು ಅದಕ್ಕೆ 10 ಅಡಿ ಅಗಲದ್ದು ಹೊಸ ಗೇಟು, ಮತ್ತೆ ಮೆಟ್ಟಿಲಿಗೆ ಸ್ಟೀಲ್ ರೇಲಿಂಗು. ಗಾರೆ ಮೇಸ್ತ್ರಿ "ನಮ್ಮ ಹುಡುಗ ಒಬ್ಬ ಇದಾನೆ, ಅವನಿಗೇ ಕೊಡ್ರಿ" ಅಂದ. ನಮ್ಮ ಯಜಮಾನ್ರು ನಾಲ್ಕು ಕಡೆ ಕೇಳಣ ತಡಿ ಅಂದ್ರು. ಕೇಳಿದ್ವಿ.

ಒಬ್ರು ಫೋನಲ್ಲೇ, ಏನೂ ಕೇಳ್ದೇ, "ಕಿಟಕಿ ಗ್ರಿಲ್ ಅಡಿಗೆ 150" (ಅಂದ್ರೆ ಚದರ ಅಡಿಗೆ) ಅಂದ್ರು, ಫೋನ್ ಇಟ್ರು. ಇನ್ನೊಬ್ರು ಬಂದ್ರು, ಟೇಪ್ ಹಿಡ್ದು ಎಲ್ಲ ಅಳೆದ್ರು, ಟೀ ಕುಡಿದ್ರು, ಸಂಜೆ ವಾಟ್ಸಾಪ್ ಮಾಡ್ತೀನಿ ಅಂತ ಹೋದ್ರು, ಆ ಸಂಜೆ ಇವತ್ತಿಗೂ ಬಂದಿಲ್ಲ. ಮತ್ತೊಬ್ರು ಕಳಿಸಿದ್ದು ಒಂದೇ ಲೈನು, "ಟೋಟಲ್ 1,45,000 ಆಗುತ್ತೆ ಅಕ್ಕ, ಲಾಸ್ಟ್ 1,30,000". ಆ ಹದಿನೈದು ಸಾವಿರ ಎಲ್ಲಿಂದ ಕಡಿಮೆ ಆಯ್ತು ಅಂತ ಕೇಳಿದ್ರೆ "ನಿಮಗೋಸ್ಕರ" ಅಂದ್ರು. ನಮಗೋಸ್ಕರ ಕಬ್ಬಿಣ ತೆಳ್ಳಗೆ ಮಾಡ್ತಾರೋ ಲಾಭ ಬಿಡ್ತಾರೋ ಗೊತ್ತಾಗೋದು ಹೆಂಗೆ?

ಈ 500 ರೂಪಾಯಿ ಶಾಪಿನೋರಿಗೆ ಫೋನ್ ಮಾಡಿದಾಗ ರೇಟ್ ಮಾತೇ ಮೊದ್ಲು ಬರ್ಲಿಲ್ಲ. ಮನೆ ಯಾವ ಏರಿಯಾ, ಕೆಲ್ಸ ಎಲ್ಲಿಗೆ ಬಂದೈತೆ, ಪ್ಲಾಸ್ಟರಿಂಗ್ ಆಗೈತಾ, ಗೃಹಪ್ರವೇಶ ಗೊತ್ತು ಮಾಡೀರಾ, ದುಡ್ಡು ಕೈಯಾಗೆ ಐತಾ ಇಲ್ಲ ಲೋನ್ ಬರ್ಬೇಕಾ, ಹಿಂಗೆ ಒಂದರ ಹಿಂದೆ ಒಂದು ಕೇಳಿದ್ರು. ಕೊನೇ ಪ್ರಶ್ನೆಗೆ ನಮ್ಮ ಯಜಮಾನ್ರಿಗೆ ಸಿಟ್ಟು ಬಂತು, ನಮ್ಮ ದುಡ್ಡಿನ ವಿಷ್ಯ ಇವನಿಗ್ಯಾಕೆ ಅಂತ. ಆಮೇಲೆ ಅವ್ರೇ ಹೇಳಿದ್ರು, "ನೀವು ಹೇಳೋದು ನೋಡಿದ್ರೆ ಎಲ್ಲ ಸೇರಿ ಒಂದೂಕಾಲು ಲಕ್ಷದಿಂದ ಒಂದೂವರೆ ಲಕ್ಷ ಆಗುತ್ತೆ, ಇದು ಬಾಯಿ ಲೆಕ್ಕ, ಇದಕ್ಕೆ ದುಡ್ಡಿಲ್ಲ. ಇದು ನಿಮಗೆ ಒಗ್ಗುತ್ತೆ ಅಂದ್ರೆ ನಾನೇ ಬಂದು ಅಳತೆ ತಗೊಂಡು ಬರೆದ ಎಸ್ಟಿಮೇಟ್ ಕೊಡ್ತೀನಿ, ಅದಕ್ಕೆ 500. ಕೆಲ್ಸ ನಮಗೇ ಕೊಟ್ರೆ ಬಿಲ್ಲಲ್ಲಿ ಕಳೀತೀನಿ. ಇಲ್ಲಾಂದ್ರೆ ಇಲ್ಲಿಗೇ ಬಿಡಣ, ಬೇಜಾರೇನಿಲ್ಲ."

ಪ್ಲಾಸ್ಟರಿಂಗ್ ಯಾಕೆ ಕೇಳಿದ್ರು ಅಂತ ಆಮೇಲೆ ಅರ್ಥ ಆಯ್ತು. ಕಿಟಕಿ ಗ್ಯಾಪಿಗೆ ಪ್ಲಾಸ್ಟರ್ ಆದ್ಮೇಲೆ ಪ್ರತಿ ಕಡೆ ಅರ್ಧ ಇಂಚಾದ್ರೂ ಒಳಗೆ ಬರುತ್ತೆ, ಅದಕ್ಕೆ ಮೊದ್ಲೇ ಅಳತೆ ತಗೊಂಡ್ರೆ ಗ್ರಿಲ್ ಕೂರಲ್ಲ, ಮತ್ತೆ ಬಂದು ಅಳೀಬೇಕು. ಬರೀ ಇಟ್ಟಿಗೆ ಗೋಡೆ ನಿಂತಿರುವಾಗ್ಲೇ ಕೊಟೇಶನ್ ಕೇಳೋರು ನೂರಕ್ಕೆ ನೂರು ಇನ್ನೊಂದ್ಸಲ ಅಳತೆ ಮಾಡಿಸ್ತಾರೆ ಅಂತ ಅವ್ರ ಲೆಕ್ಕ.

ಸರಿ, 500 ಅಂದ ತಕ್ಷಣ ಮನೇಲಿ ಶುರು ಆಯ್ತು. ಅತ್ತೆ "ರೇಟ್ ಹೇಳೋಕೂ ದುಡ್ಡಾ, ಎಲ್ಲಿಗೆ ಬಂತಪ್ಪ ಕಾಲ" ಅಂದ್ರು. ಯಜಮಾನ್ರು "ಕೊಡ್ಬೇಡ, ಊರ ತುಂಬ ಗ್ರಿಲ್ ಶಾಪ್ ಅವೆ" ಅಂದ್ರು. ನಾನು ಏನ್ ಹೇಳಿದೆ ಗೊತ್ತಾ? ಗೇಟ್ ಯಾವ ಮೂಲೆಗೆ ಬರ್ಬೇಕು ಅಂತ ಹೇಳೋಕೆ ಬಂದ ವಾಸ್ತುನೋರಿಗೆ ಎಲೆ ಅಡಿಕೆ ಹಣ್ಣು ಜೊತೆ 2,000 ಇಟ್ಟು ಕಾಲಿಗೆ ಬಿದ್ವಿ, ಅವ್ರು ಟೇಪೂ ತಂದಿರ್ಲಿಲ್ಲ. ಆ ಗೇಟ್ ಮಾಡೋನು ಬಿಸಿಲಲ್ಲಿ ಏಣಿ ಹತ್ತಿ ಅಳೆಯೋಕೆ 500 ಕೇಳಿದ್ರೆ ದರೋಡೆನಾ? ಅತ್ತೆ ಮಾತಾಡ್ಲಿಲ್ಲ. ವಾಸ್ತು ವಿಷ್ಯ ಎತ್ತಿದ್ದಕ್ಕೆ ಎರಡು ದಿನ ಮಾತಾಡ್ಲಿಲ್ಲ, ಅದು ಬೇರೆ ಮಾತು.

ಫೋನ್ ಪೇ ಮಾಡಿದೆ, ಶನಿವಾರ ಬಂದ್ರು. ಶನಿವಾರಾನೇ ಯಾಕೆ ಅಂದ್ರೆ ಅದೂ ಒಂದು ಮಜಾ. ಶನಿವಾರ ಕಬ್ಬಿಣ ಮನೆಗೆ ತರಬಾರ್ದು ಅಂತ ನಮ್ಮ ಕಡೆ ಜನ ನಂಬ್ತಾರಲ್ಲ, ಗೇಟ್ ರೆಡಿ ಆಗಿದ್ರೂ ಆವತ್ತು ಯಾರೂ ಇಳಿಸ್ಕೊಳ್ಳಲ್ಲ, ಅಡ್ವಾನ್ಸ್ ಕೊಡೋಕೂ ಹಿಂದೆ ಮುಂದೆ ನೋಡ್ತಾರೆ. ಹಂಗಾಗಿ ಅವ್ರು ಶನಿವಾರನ ಪೂರ್ತಿ ಅಳತೆಗೇ ಇಟ್ಕೊಂಡಿದಾರೆ. ಮುಂಚೆ ಯಾರು ಕರೆದ್ರೂ ಆ ಹೊತ್ತಿಗೇ ಬೈಕ್ ತಗೊಂಡು ಓಡ್ತಿದ್ರಂತೆ, ಒಂದಿನ ಶಾಮನೂರು ರೋಡು, ಮಾರನೇ ದಿನ ಹರಿಹರ, ಅದರ ಮಧ್ಯೆ ಜಗಳೂರಿಂದ ಯಾರೋ ಕರೀತಾರೆ. ಶಾಪಲ್ಲಿ ಇಬ್ರು ವೆಲ್ಡರ್ರು ಒಬ್ಬ ಹೆಲ್ಪರ್ರು, ಆದ್ರೆ ಮಾರ್ಕಿಂಗ್ ಮಾಡೋದು ಇವ್ರೊಬ್ರೇ, ಇವ್ರು ಹೊರಗೆ ಹೋದ್ರೆ ಕಟಿಂಗ್ ನಿಲ್ಲುತ್ತೆ, ಹುಡುಗ್ರು ಮೊಬೈಲ್ ನೋಡ್ತಾ ಕೂರ್ತಾರೆ, ಕೂಲಿ ಮಾತ್ರ ಓಡ್ತಾ ಇರುತ್ತೆ. "ನಾಕು ಮನೆ ಅಳೆದ್ರೆ ಒಂದು ಕೂಡಿ ಬಂದ್ರೆ ಪುಣ್ಯ, ಆ ಮೂರು ಮನೆ ಪೆಟ್ರೋಲು ಕೂಲಿ ಎಲ್ಲ ಆ ನಾಕನೇ ಮನೇರ ಬಿಲ್ಲಿಗೇ ಹಾಕ್ಬೇಕಲ್ರಿ, ಇನ್ನೆಲ್ಲಿಗೆ ಹಾಕ್ಲಿ" ಅಂದ್ರು.

ಇದು ನನಗೆ ಯಾವತ್ತೂ ಹೊಳೆದಿರ್ಲಿಲ್ಲ. ಫ್ರೀ ಎಸ್ಟಿಮೇಟ್ ಅಂತ ಬೋರ್ಡ್ ಹಾಕಿರ್ತಾರಲ್ಲ, ಆ ಫ್ರೀ ದುಡ್ಡು ಕೊಡೋರು ಕೆಲ್ಸ ಮಾಡಿಸೋ ನಾವೇ. ಬರೀ ರೇಟ್ ಕೇಳ್ಕೊಂಡು ಹೋದೋರ ಟೀ ಖರ್ಚನ್ನೂ ನಾವೇ ಕಟ್ಟೋದು, ಕೆಜಿಗೆ ಎರಡು ಮೂರು ರೂಪಾಯಿ ಸೇರ್ಸಿ ಯಾರಿಗೂ ಗೊತ್ತಾಗ್ದಂಗೆ.

ಈಗ ಆ ಎಸ್ಟಿಮೇಟ್ ಬಗ್ಗೆ ಹೇಳ್ಬೇಕು, ಈ ರಿವ್ಯೂನಲ್ಲಿ ಮುಖ್ಯವಾದ್ದು ಅದೇ. ಎರಡು ಹಾಳೆ, ಕೈಯಲ್ಲೇ ಬರ್ದಿದ್ದು, ಕಾರ್ಬನ್ ಇಟ್ಟು ಒಂದು ಕಾಪಿ ಅವ್ರಿಗೆ. ಪ್ರತಿ ಕಿಟಕಿಗೂ ಒಂದೊಂದು ಸಾಲು, ಅಳತೆ, ಯಾವ ರಾಡು, ಎಷ್ಟು ರಾಡು, ಸುಮಾರು ತೂಕ. 10 ಎಂಎಂ ಚೌಕ ರಾಡು ಮೀಟರಿಗೆ 785 ಗ್ರಾಂ, 12 ಎಂಎಂ ಆದ್ರೆ 1 ಕೆಜಿ 130 ಗ್ರಾಂ, ಎರಡು ಎಂಎಂ ಜಾಸ್ತಿ ಅಂದ್ರೆ ಕಣ್ಣಿಗೆ ಏನೂ ಕಾಣಲ್ಲ ಆದ್ರೆ ತೂಕ ಹತ್ತಿರತ್ತಿರ ಒಂದೂವರೆ ಪಟ್ಟು. ನಮ್ಮ ಬೆಡ್ ರೂಮ್ ಕಿಟಕಿ 4 ಅಡಿಗೆ 4 ಅಡಿ, ಅದಕ್ಕೆ 12 ರಾಡು, ಸುತ್ತ 25 ಎಂಎಂ ಅಗಲ 5 ಎಂಎಂ ದಪ್ಪದ ಪಟ್ಟಿ. 10 ಎಂಎಂ ರಾಡಲ್ಲಿ 16 ಕೆಜಿ ಚಿಲ್ರೆ, 12 ಎಂಎಂ ರಾಡಲ್ಲಿ 21 ಕೆಜಿ ಚಿಲ್ರೆ. ಇವ್ರು ಹೇಳಿದ್ದು ಪ್ರೈಮರ್ ಸೇರಿ ಕೆಜಿಗೆ 115. ನಾನು ರಾತ್ರಿ ಕೂತು ಲೆಕ್ಕ ಹಾಕಿದೆ, 10 ಎಂಎಂ ಆದ್ರೆ ಚದರ ಅಡಿಗೆ 117 ರೂಪಾಯಿ ಬೀಳುತ್ತೆ, 12 ಎಂಎಂ ಆದ್ರೆ 153.

ಈಗ ಆ ಫೋನಲ್ಲಿ "ಅಡಿಗೆ 150" ಅಂದೋರನ್ನ ನೆನೆಸ್ಕೊಳ್ಳಿ. ಅವ್ರು 12 ಎಂಎಂ ಹಾಕ್ತಾರೆ ಅಂದ್ರೆ ಅದು ಸರಿಯಾದ ರೇಟೇ, ಮೂರು ರೂಪಾಯಿ ಕಡಿಮೆನೇ. 10 ಎಂಎಂ ಹಾಕಿದ್ರೆ ಅಡಿಗೆ 30 ರೂಪಾಯಿಗಿಂತ ಜಾಸ್ತಿ ನಮ್ಮ ಜೇಬಿಂದ ಹೋಯ್ತು. ಅವ್ರು ಯಾವ್ದು ಅಂತ ಹೇಳ್ಲೇ ಇಲ್ಲ, ನಮಗೂ ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ. ಬಣ್ಣ ಹೊಡೆದು ಗೋಡೆಗೆ ಕೂರಿಸಿದ ಮೇಲೆ ಯಾರು ಕ್ಯಾಲಿಪರ್ ಇಟ್ಟು ನೋಡ್ತಾರೆ ಹೇಳಿ.

ಗೇಟಿಂದೂ ಇದೇ ಕಥೆ. ಒಂದೂವರೆ ಇಂಚು ಪೈಪ್ ಅಂತಾರೆ ಎಲ್ಲರೂ, ಗೇಜ್ ಹೇಳಲ್ಲ. ಇವ್ರ ಹಾಳೇಲಿ 40x40 ಎಂಎಂ, 16 ಗೇಜ್, 1.6 ಎಂಎಂ ದಪ್ಪ ಅಂತ ಬರ್ದಿತ್ತು, 20 ಅಡಿ ಉದ್ದದ ಒಂದು ಪೈಪ್ ಸುಮಾರು ಹನ್ನೊಂದು ಮುಕ್ಕಾಲು ಕೆಜಿ. ಅದೇ ಪೈಪು 18 ಗೇಜ್ ಅಂದ್ರೆ 1.2 ಎಂಎಂ, ಸುಮಾರು 9 ಕೆಜಿ. ಹೊರಗಿಂದ ಎರಡೂ ಒಂದೇ. ಗೇಜ್ ನಂಬರ್ ಜಾಸ್ತಿ ಆದಂಗೆ ಪೈಪ್ ತೆಳ್ಳಗಾಗುತ್ತೆ ಅನ್ನೋದು ಗೊತ್ತಿಲ್ದೇ 18 ಅಂದ್ರೆ 16ಕ್ಕಿಂತ ಗಟ್ಟಿ ಅನ್ಕೊಳ್ಳೋರೂ ಇದಾರೆ, ಅಂಥೋರಿಗೆ ಮಾರೋದು ಸುಲಭ.

ಹಾಳೆ ಕೆಳಗೆ ಬೇರೆ ಒಂದು ಪಟ್ಟಿ, ಇದ್ರಲ್ಲಿ ಏನು ಸೇರಿದೆ ಏನು ಸೇರಿಲ್ಲ ಅಂತ. ಸೈಟಲ್ಲಿ ವೆಲ್ಡಿಂಗಿಗೆ ಕರೆಂಟ್ ನಿಮ್ದು, ಗೋಡೆಗೆ ಹೋಲ್ ಹೊಡೆದ್ಮೇಲೆ ಸಿಮೆಂಟ್ ಪ್ಯಾಚ್ ನಿಮ್ದು, ರೆಡ್ ಆಕ್ಸೈಡ್ ಪ್ರೈಮರ್ ನಮ್ದು ಬಣ್ಣ ಒಂದು ಕೋಟ್ ನಮ್ದು, ಫೈನಲ್ ಕೋಟ್ ನಿಮ್ಮ ಪೇಂಟರ್ರು. ಬಿಲ್ ಬೇಕು ಅಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಬೇರೆ. ಕಬ್ಬಿಣದ ರೇಟ್ ಏರಿಳಿತ ಇರೋದ್ರಿಂದ ಈ ರೇಟ್ 7 ದಿನಕ್ಕೆ ಮಾತ್ರ. ಫೈನಲ್ ಬಿಲ್ ನಿಜವಾದ ತೂಕದ ಮೇಲೆ, ತೂಕದ ಚೀಟಿ ಸಮೇತ. ನಾನು ಇಷ್ಟು ಸ್ಪಷ್ಟವಾಗಿ ಬರ್ದ ಹಾಳೆ ನಮ್ಮ ಇಂಜಿನಿಯರ್ ಹತ್ರಾನೂ ನೋಡ್ಲಿಲ್ಲ.

ಕೆಜಿ ಲೆಕ್ಕಾನೇ ಒಳ್ಳೇದು ಅಂತ ನಾನೇನೂ ಭಾಷಣ ಮಾಡಲ್ಲ. ಅಡಿ ಲೆಕ್ಕದಲ್ಲಿ ತೆಳ್ಳಗೆ ಮಾಡೋ ಆಸೆ, ಕೆಜಿ ಲೆಕ್ಕದಲ್ಲಿ ದಪ್ಪ ಮಾಡೋ ಆಸೆ. ಇವ್ರೂ ಗೇಟಿಗೆ ಮೇಲೆ ಬಾಣ, ಮಧ್ಯೆ ಹೂವು, ಕೆಳಗೆ ಒಂದು ಶೀಟು ಅಂತ ಸೇರಿಸ್ತಾ ಹೋಗಿದ್ರು, ನಾನು ಬಾಣ ಹೂವು ಎರಡೂ ತೆಗೆಸಿದೆ, ತೂಕ ಇಳೀತು. ಹಾಳೇಲಿ ಸಾಲು ಸಾಲಾಗಿ ಇದ್ದಿದ್ದಕ್ಕೇ ಯಾವ್ದು ತೆಗೆದ್ರೆ ಎಷ್ಟು ಉಳಿಯುತ್ತೆ ಅಂತ ಗೊತ್ತಾಗಿದ್ದು, "ಟೋಟಲ್ 1,45,000 ಲಾಸ್ಟ್ 1,30,000"ದಲ್ಲಿ ಏನ್ ತೆಗೀತೀರಿ?

ಅಂಗಡಿಗೆ ಅಡ್ವಾನ್ಸ್ ಕೊಡೋಕೆ ಹೋದಾಗ ಸುಮಾರು ಹೊತ್ತು ಕೂರಬೇಕಾಯ್ತು. ಆಗ ನೋಡಿದ್ದು ಹೇಳ್ತೀನಿ. ಒಬ್ರು ಬಂದು ಮೊಬೈಲಲ್ಲಿ ಲೇಸರ್ ಕಟಿಂಗ್ ಗೇಟ್ ಫೋಟೋ ತೋರ್ಸಿ "ಇದೇ ಥರ, ಎಷ್ಟಾಗುತ್ತೆ" ಅಂದ್ರು. ಸೈಜ್ ಎಷ್ಟು ಅಂದ್ರೆ ಗೊತ್ತಿಲ್ಲ, ಸೈಟ್ ಎಲ್ಲಿ ಅಂದ್ರೆ ಇನ್ನೂ ತಗೊಂಡಿಲ್ಲ. ನಿಜವಾಗ್ಲೂ, ಸೈಟೇ ತಗೊಂಡಿಲ್ಲ! ಇವ್ರು ಬೈಯ್ಲಿಲ್ಲ, ಕೆಜಿ ರೇಟ್ ಹೇಳಿ, ಸೈಟ್ ಆದ್ಮೇಲೆ ಬರ್ರಿ ಅಂತ ಕಳಿಸಿದ್ರು. ಹೋದ್ಮೇಲೆ ಹೇಳಿದ್ರು, ಆ ಥರ ಶೀಟ್ ಗೇಟಿಗೆ ಡ್ರಾಯಿಂಗ್ ಮಾಡ್ಸೋಕೆ ಕೈಯಿಂದ ದುಡ್ಡು ಕೊಡ್ಬೇಕು, ಮುಂಚೆ ಅಡ್ವಾನ್ಸ್ ಇಲ್ದೇ ಮಾಡ್ಸಿ ವಾಟ್ಸಾಪ್ ಮಾಡ್ತಿದ್ರಂತೆ, ಕಸ್ಟಮರ್ ಅದೇ ಡ್ರಾಯಿಂಗ್ ತಗೊಂಡು ಬೇರೆ ಕಡೆ ಹೋಗಿ ಕೆಜಿಗೆ ಐದು ರೂಪಾಯಿ ಕಡಿಮೆಗೆ ಮಾಡಿಸ್ಕೊಂಡ್ರಂತೆ. ಈಗ ಡ್ರಾಯಿಂಗ್ ಶಾಪಲ್ಲೇ ಕೂತು ನೋಡ್ಬೇಕು, ಅಡ್ವಾನ್ಸ್ ಕೊಟ್ಮೇಲೇ ಕೈಗೆ.

ರೇಟ್ ಕೇಳೋಕೆ ಬರೋರಲ್ಲಿ ಇನ್ನೊಂದು ಜಾತಿ ಇದೆ, ಅದು ನನಗೆ ಚೆನ್ನಾಗೇ ಗೊತ್ತಿರೋ ಜಾತಿ, ಯಾಕಂದ್ರೆ ನಾನು ಕೆಲ್ಸ ಮಾಡೋದು ಒಂದು ಕಾಲೇಜ್ ಆಫೀಸಲ್ಲಿ. ಮೂರು ಕೊಟೇಶನ್ ಫೈಲು. ಯಾವುದೇ ಸಂಸ್ಥೆ ಒಂದು ಶೆಡ್ಡೋ ಬೆಂಚೋ ಮಾಡಿಸ್ಬೇಕು ಅಂದ್ರೆ ಫೈಲಲ್ಲಿ ಮೂರು ಕೊಟೇಶನ್ ಇರ್ಬೇಕು, ಕಡಿಮೆ ರೇಟಿನೋರಿಗೆ ಕೆಲ್ಸ. ನಿಯಮ ಒಳ್ಳೇದೇ. ಆದ್ರೆ ಎಷ್ಟೋ ಕಡೆ ಕೆಲ್ಸ ಯಾರಿಗೆ ಅಂತ ಮೊದ್ಲೇ ಗೊತ್ತಿರುತ್ತೆ, ಉಳಿದ ಎರಡು ಲೆಟರ್ ಹೆಡ್ ಬರೀ ಫೈಲ್ ತುಂಬೋಕೆ. "ಸ್ವಲ್ಪ ಜಾಸ್ತಿ ರೇಟ್ ಹಾಕಿ ಒಂದು ಕೊಟೇಶನ್ ಕೊಡ್ರಿ, ಸೀಲ್ ಹಾಕಿ" ಅಂತ ನಗ್ತಾ ಕೇಳ್ತಾರೆ, ಏನೋ ಕೈಸಾಲ ಕೇಳಿದಂಗೆ. ಇವ್ರ ಹತ್ರಾನೂ ಬರ್ತಾರಂತೆ, ಇವ್ರು ಕೊಡಲ್ವಂತೆ. "ನಾನು ಅಳತೆ ನೋಡ್ದೇ ಸೀಲ್ ಹಾಕಲ್ಲ, ನೋಡಿ ಹಾಕೋದಾದ್ರೆ 500, ಅದಕ್ಕೂ ರಸೀದಿ ಕೊಡ್ತೀನಿ, ಫೈಲಿಗೆ ಹಾಕ್ಕೊಳ್ರಿ" ಅಂದ್ರೆ ಯಾರೂ ಮತ್ತೆ ಬರಲ್ವಂತೆ. ಇದನ್ನ ಕೇಳಿ ನಾನು ಅಲ್ಲೇ ನಕ್ಕುಬಿಟ್ಟೆ, ನಮ್ಮ ಸೂಪರಿಂಟೆಂಡೆಂಟ್ ಮುಖ ನೆನಪಾಯ್ತು. ಲೋನಿಗೆ ಬ್ಯಾಂಕಲ್ಲಿ ತೋರ್ಸೋಕೆ ಕೊಟೇಶನ್ ಬೇಕು ಅಂತ ಬರೋರಿಗೂ ಅದೇ ನಿಯಮ, ಆದ್ರೆ ಅವ್ರ ಮೇಲೆ ಸಿಟ್ಟಿಲ್ಲ, ಲೋನ್ ಆದ್ರೆ ಅವ್ರು ವಾಪಸ್ ಬರ್ತಾರೆ ಅಂತಾರೆ.

ಇವ್ರಿಗೆ ನಿಜವಾಗಿ ಬೇಜಾರು ಇರೋದು ರೇಟ್ ಕೇಳೋರ ಮೇಲಲ್ಲ, ಬೇಡ ಅಂತ ಹೇಳ್ದೇ ಇರೋರ ಮೇಲೆ. ನಮ್ಮ ಜನಕ್ಕೆ ಬೇಡ ಅನ್ನೋಕೆ ಅದೇನು ಸಂಕೋಚವೋ. ಮನೇಲಿ ಕೇಳಿ ಹೇಳ್ತೀನಿ, ನಮ್ಮ ಭಾವ ಬೆಂಗಳೂರಿಂದ ಬರ್ಲಿ, ಅಮಾವಾಸ್ಯೆ ಕಳೀಲಿ, ಅಡಿಕೆ ದುಡ್ಡು ಬರ್ಲಿ (ಇದು ಚನ್ನಗಿರಿ ಕಡೆಯೋರದ್ದು), ಆಷಾಢ ಮುಗೀಲಿ. ಆಷಾಢದಲ್ಲಂತೂ ಫೋನ್ ಬಿಡುವಿರಲ್ವಂತೆ, ಶುಭ ಕೆಲ್ಸ ಮಾಡಂಗಿಲ್ಲ, ಕೈ ಖಾಲಿ, ಎಲ್ಲರೂ ರೇಟ್ ವಿಚಾರಿಸ್ತಾ ಕೂತಿರ್ತಾರೆ, ಆರ್ಡರ್ ಬರೋದು ಶ್ರಾವಣಕ್ಕೆ. ಹಂಗೆ "ಹೇಳ್ತೀನಿ" ಅಂದೋರಿಗೆ ಅಂತ ಇವ್ರು ಮುಂಚೆ ದಿನ ಖಾಲಿ ಇಟ್ಕೊಂಡು ಕಾಯ್ತಿದ್ರಂತೆ, ಬೇರೆ ಕೆಲ್ಸ ಬಿಟ್ಟು. ಒಂದ್ಸಲ ಆ "ಹೇಳ್ತೀನಿ" ಅಂದ ಮನೆ ಮುಂದೆನೇ ಹೋಗ್ತಾ ನೋಡಿದ್ರೆ ಬೇರೆಯೋರ ಗೇಟ್ ನೇತಾಡ್ತಿತ್ತಂತೆ, ಓನರ್ರು ಇವ್ರನ್ನ ನೋಡಿ ಮುಖ ತಿರುಗಿಸ್ಕೊಂಡು ಒಳಗೆ ಹೋದ್ರಂತೆ.

ಇಲ್ಲಿಗೆ ಆ 500ರ ಇನ್ನೊಂದು ಗುಣ ಬರುತ್ತೆ. ನಾನು ರೇಲಿಂಗ್ ಕೆಲ್ಸ ಇವ್ರಿಗೆ ಕೊಡ್ಲಿಲ್ಲ. ಇವ್ರು 304 ಗ್ರೇಡ್ ಸ್ಟೀಲಿಗೆ ಹೇಳಿದ ರೇಟ್ ನಮ್ಮ ಕೈಗೆ ಮೀರಿತ್ತು, ಸ್ಟೀಲ್ ಕೆಲ್ಸಾನೇ ಮಾಡೋ ಇನ್ನೊಂದು ಶಾಪಲ್ಲಿ ಅದೇ ಗ್ರೇಡು ಅದೇ ಪೈಪ್ ದಪ್ಪಕ್ಕೆ ಕಡಿಮೆ ಬಂತು. ಫ್ರೀಯಾಗಿ ಬಂದು ಅಳೆದಿದ್ರೆ ನಾನೂ ಖಂಡಿತ "ಮನೇಲಿ ಕೇಳಿ ಹೇಳ್ತೀನಿ" ಅಂತಿದ್ದೆ, ಆ ರೋಡಲ್ಲಿ ಸ್ಕೂಟಿ ತಗೊಂಡು ಹೋಗೋಕೂ ಮುಜುಗರ ಆಗ್ತಿತ್ತು. ದುಡ್ಡು ಕೊಟ್ಟಿದೀನಲ್ಲ, ಫೋನ್ ಮಾಡಿ ನೇರವಾಗೇ ಹೇಳಿದೆ, ಅಣ್ಣ ಗ್ರಿಲ್ಲು ಗೇಟು ನಿಮ್ಗೆ, ರೇಲಿಂಗ್ ಬೇರೆ ಕಡೆ ಅಂತ. "ಆಯ್ತಕ್ಕಾರೆ, 202 ತಂದು 304 ಅಂತ ಕೊಡ್ತಾರೆ, ಹುಷಾರು" ಅಂದ್ರು ಅಷ್ಟೇ. ನನ್ನ ಹಾಳೆ ಆ ರೇಲಿಂಗ್ ಶಾಪಿನೋರಿಗೆ ತೋರಿಸ್ಬಹುದಾ ಅಂತಾನೂ ಕೇಳಿದೆ. "ದುಡ್ಡು ಕೊಟ್ಟೀರಿ, ಹಾಳೆ ನಿಮ್ದು, ಊರಿಗೆಲ್ಲ ತೋರಿಸ್ರಿ" ಅಂದ್ರು. ಬೇಡ ಅನ್ನೋ ಧೈರ್ಯ 500 ರೂಪಾಯಿಗೆ ಸಿಗುತ್ತೆ ಅಂದ್ರೆ ನನ್ನ ಪ್ರಕಾರ ಅಗ್ಗ.

ಅಂದಹಾಗೆ 304 ಚೆಕ್ ಮಾಡೋಕೆ ಆಯಸ್ಕಾಂತ ತಗೊಂಡು ಹೋಗೋರಿಗೆ ಒಂದು ಮಾತು, ಅದು ಪ್ರಯೋಜನ ಇಲ್ಲ. 202ಗೂ 304ಗೂ ಎರಡಕ್ಕೂ ಆಯಸ್ಕಾಂತ ಸರಿಯಾಗಿ ಅಂಟಲ್ಲ. 304ರಲ್ಲಿ ನಿಕ್ಕಲ್ ಸುಮಾರು 8 ಪರ್ಸೆಂಟ್, 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರ್ತಾರೆ, ಅದಕ್ಕೇ ಅಗ್ಗ, ಅದಕ್ಕೇ ಮಳೆ ಬೀಳೋ ಜಾಗದಲ್ಲಿ ಬೇಗ ತುಕ್ಕಿನ ಚುಕ್ಕೆ. ಟೆಸ್ಟ್ ಮಾಡೋ ಲಿಕ್ವಿಡ್ ಒಂದು ಬರುತ್ತೆ, ಒಂದು ಹನಿ ಬಿಟ್ಟು ಸಣ್ಣ ಬ್ಯಾಟರಿ ತಾಗಿಸಿದ್ರೆ ಬಣ್ಣದಲ್ಲಿ ಗೊತ್ತಾಗುತ್ತೆ, ರೇಲಿಂಗ್ ಶಾಪಿನೋರು ನನ್ನ ಮುಂದೆನೇ ಮಾಡಿ ತೋರಿಸಿದ್ರು.

ಇನ್ನು ಈ ಶಾಪಿನ ಕೆಲ್ಸ ಹೆಂಗೆ ಅಂತ. ಗ್ರಿಲ್ಲು ಅಳತೆಗೆ ಸರಿಯಾಗಿ ಕೂತವು, ಒಂದನ್ನೂ ಗೋಡೆ ಕೆತ್ತಿ ಕೂರಿಸ್ಲಿಲ್ಲ. ಗೇಟ್ ತೂಗಿಸಿ ಚೀಟಿ ಕೊಟ್ರು, ಎಸ್ಟಿಮೇಟಿಗಿಂತ ಸ್ವಲ್ಪ ಕಡಿಮೆನೇ ಬಂತು, ಆ ಕಡಿಮೆನ ಬಿಲ್ಲಲ್ಲೂ ಕಡಿಮೆ ಮಾಡಿದ್ರು. 500 ಕಳೆದಿದ್ರು, ನಾನು ನೆನಪು ಮಾಡ್ಲಿಲ್ಲ. ಅರ್ಧ ಅಡ್ವಾನ್ಸು, ಕೂರಿಸೋ ಮುಂಚೆ ಉಳಿದಿದ್ರಲ್ಲಿ ಬಹುಪಾಲು, ಕೊನೇಲಿ ಐದು ಸಾವಿರ ಹಿಡ್ಕೊಳ್ರಿ ಕೆಲ್ಸ ಮುಗಿದ್ಮೇಲೆ ಕೊಡ್ರಿ ಅಂತ ಅವ್ರೇ ಹೇಳಿದ್ರು.

ಬೈಯೋದೂ ಇದೆ. ಒಂದು, ಟೈಮು. ಹೇಳಿದ ದಿನಕ್ಕೆ ಬರ್ಲಿಲ್ಲ, ಎರಡನೇ ಸಲ ಹೇಳಿದ ದಿನಕ್ಕೂ ಬರ್ಲಿಲ್ಲ. ಕಸ್ಟಮರ್ ಟೈಮ್ ವೇಸ್ಟ್ ಮಾಡ್ತಾರೆ ಅಂತ ಅಷ್ಟೊತ್ತು ಹೇಳಿದ ಮನುಷ್ಯ ನಮ್ಮ ಟೈಮ್ ಬಗ್ಗೆ ಹಂಗೆ ಯೋಚ್ನೆ ಮಾಡ್ಲಿಲ್ಲ, ನಾನು ರಜೆ ಹಾಕಿ ಮನೇಲಿ ಕಾದಿದ್ದಕ್ಕೆ ಯಾರು 500 ಕೊಡ್ತಾರೆ? ಇದನ್ನ ಅವ್ರ ಮುಖಕ್ಕೇ ಕೇಳಿದೆ, ನಕ್ಕರು, ಉತ್ತರ ಇರ್ಲಿಲ್ಲ. ಎರಡು, ಬಾಲ್ಕನಿಯಲ್ಲಿ ಗ್ರೈಂಡರ್ ಹಿಡಿದಾಗ ಕಿಡಿ ಹಾರಿ ಪಕ್ಕದ ಕಿಟಕಿ ಗಾಜಿನ ಮೇಲೆ ಕಪ್ಪು ಚುಕ್ಕೆ ಕೂತ್ಕೊಂಡಿದೆ, ಎಷ್ಟು ಉಜ್ಜಿದ್ರೂ ಹೋಗಲ್ಲ, ಬಿಸಿ ಕಬ್ಬಿಣದ ಪುಡಿ ಗಾಜಿಗೆ ಅಂಟಿದ್ರೆ ಮುಗೀತು. ಒಂದು ಹಳೇ ಗೋಣಿಚೀಲ ಒದ್ದೆ ಮಾಡಿ ಅಡ್ಡ ಹಿಡಿದಿದ್ರೆ ಆಗ್ತಿತ್ತು. ನೀವು ಯಾರ ಹತ್ರ ಮಾಡಿಸಿದ್ರೂ ಗಾಜು, ಗ್ರಾನೈಟು, ಟೈಲ್ಸು ಮೊದ್ಲೇ ಮುಚ್ಚಿಸಿ. ಮೂರು, ಫೋನ್. ಹಗಲು ಎತ್ತೋದೇ ಇಲ್ಲ, ಸಂಜೆ ಏಳಾದ್ಮೇಲೆ ಮಾಡಿದ್ರೆ ಸಿಗ್ತಾರೆ. ಪ್ರೈಮರ್ ಅಲ್ಲಲ್ಲಿ ಇಳಿದಿತ್ತು, ಅದು ಪೇಂಟರ್ ಉಜ್ಜಿದ ಮೇಲೆ ಕಾಣ್ಲಿಲ್ಲ, ಬಿಟ್ಟೆ.

ಇನ್ನೊಂದು, 500 ಎಲ್ಲರಿಗೂ ಅಲ್ಲ. ಒಂದು ಕಿಟಕಿ ಗ್ರಿಲ್ಲು, ಮುರಿದ ಗೇಟಿನ ಹಿಂಜಿಸ್ ವೆಲ್ಡಿಂಗು, ಅಂಥದ್ದಕ್ಕೆ ಅಳತೆ ನೀವೇ ತಂದು ಕೊಟ್ರೆ ಅಲ್ಲೇ ರೇಟ್ ಹೇಳ್ತಾರೆ, ದುಡ್ಡಿಲ್ಲ. ಆದ್ರೆ ಸಣ್ಣ ಕೆಲ್ಸ ಅರ್ಜೆಂಟ್ ಇದ್ರೆ ಇವ್ರ ಹತ್ರ ಹೋಗ್ಬೇಡಿ, ದೊಡ್ಡ ಆರ್ಡರ್ ಮಧ್ಯೆ ನಿಮ್ದು ಮೂಲೇಲಿ ಕೂತಿರುತ್ತೆ. ಮನೆ ಕಟ್ತಾ ಇರೋರು, ಪ್ಲಾಸ್ಟರಿಂಗ್ ಮುಗಿದಿರೋರು, ಏನು ಹಾಕ್ತಾರೆ ಅಂತ ತಿಳ್ಕೊಂಡು ಮಾಡಿಸ್ಬೇಕು ಅನ್ನೋರಿಗೆ ಸರಿ. ಬೇರೆ ಶಾಪಿಗೆ ಹೋದ್ರೂ ರಾಡ್ ಎಷ್ಟು ಎಂಎಂ, ಪೈಪ್ ಎಷ್ಟು ಗೇಜ್, ತೂಕ ಯಾರು ಮಾಡೋದು, ಈ ಮೂರು ಬರ್ದು ಕೊಡಿ ಅನ್ನಿ. ಬರ್ದು ಕೊಡೋಕೆ ಐನೂರೋ ಮುನ್ನೂರೋ ಕೇಳಿದ್ರೆ ಕೊಡಿ. ಬರ್ದು ಕೊಡಲ್ಲ ಅಂದ್ರೆ ಆ ರೇಟ್ ಎಷ್ಟೇ ಕಡಿಮೆ ಇದ್ರೂ ನಾನಂತೂ ನಂಬಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಎಸ್ಟಿಮೇಟಿಗೆ ಮಾತ್ರ ಕೊಡೋದಾದ್ರೆ ಐದಕ್ಕೆ ಐದು, ಟೈಮಿಗೆ ಎರಡು. ಯಜಮಾನ್ರು ಈಗ ತಮ್ಮ ಆಫೀಸಲ್ಲಿ ಎಲ್ಲರಿಗೂ ಗೇಜ್ ಪಾಠ ಮಾಡ್ತಾ ಇದಾರೆ, ಎಲ್ಲ ತಮಗೆ ಮೊದ್ಲೇ ಗೊತ್ತಿತ್ತು ಅನ್ನೋ ಥರ. ಗೇಟಿನ ಅಡ್ಡ ಚಿಲಕ ಇನ್ನೂ ಬಿಗಿ ಇದೆ, ಎಣ್ಣೆ ಬಿಟ್ರೂ ಸರಿ ಹೋಗ್ಲಿಲ್ಲ, ಮುಂದಿನ ಶನಿವಾರ ಈ ಕಡೆ ಅಳತೆಗೆ ಬಂದಾಗ ನೋಡ್ತೀನಿ ಅಂದಿದಾರೆ. ಅದಕ್ಕೆ ದುಡ್ಡಿಲ್ವಂತೆ, ಕೇಳಿ ಇಟ್ಕೊಂಡಿದೀನಿ.